ಅತ್ತಿಗೆಯ ಪಾಲಿಗೆ ಬಂದ ಗುಳಿಗೆ

ಅತ್ತಿಗೆಯ ಬೆರಳು ಬೆಳ್ಳಗಾದದ್ದನ್ನು ನಾನು ಮೊದಲು ನೋಡಿದ್ದು ಕುಮಟಾದ ಮೀನು ಮಾರ್ಕೆಟ್ಟಿನಲ್ಲಿ. ಅಂದು ಶಾಲೆಗೆ ರಜೆ. ಪೇಟೆಯ ಕೆಲಸ ಮುಗಿಸಿ, ಅವಳ ಜೊತೆಗೇ ಮನೆಗೆ ಹೋದರಾಯಿತೆಂದು ಪಕ್ಕದಲ್ಲಿ ಕುಳಿತಿದ್ದೆ. ಅವಳು ಐಸಿನ ಪೆಟ್ಟಿಗೆಗೆ ಕೈ ಹಾಕಿ ಬಂಗಡೆ ತೆಗೆದು ಗಿರಾಕಿಯ ಚೀಲಕ್ಕೆ ಹಾಕಿದಳು. ಎರಡನೆಯ ಸಲ ಕೈ ಹೊರಗೆ ಬಂದಾಗ ಮೂರು ಬೆರಳು ತುದಿಯಿಂದ ನಡುಗೆಣ್ಣಿನವರೆಗೆ ಸುಣ್ಣ ಬಳಿದಷ್ಟು ಬಿಳಿ. ಅದರಲ್ಲಿ ರಕ್ತ ಇದ್ದ ಹಾಗೇ ಕಾಣಲಿಲ್ಲ.

"ಅತ್ತಿಗೇ, ಬೆರಳಿಗೆ ಎಂತ ಆತು?"

"ಐಸು ಮಾರಾಯ್ತಿ. ಈಗ ಸರಿ ಆಗ್ತದೆ," ಎಂದು ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು.

ಸರಿಯೂ ಆಯಿತು. ಬಿಳಿ ಹೋಗಿ ನೀಲಿಯಾಯಿತು, ನೀಲಿ ಹೋಗಿ ಕೆಂಪಾಯಿತು. ಕೆಂಪಾಗುವಾಗ ಉರಿಯುತ್ತದೆ ಎಂದಳು. ಸಾಲಿನಲ್ಲಿ ಕೂರುವ ಉಳಿದ ಹೆಂಗಸರು ತಮ್ಮ ತಮ್ಮ ಕೈ ತೋರಿಸಿ, ಐಸಿನಲ್ಲಿ ಕೈಯಿಟ್ಟು ಬದುಕುವವರಿಗೆ ಇದೆಲ್ಲ ಇದ್ದದ್ದೇ ಎಂದರು. ನನಗೂ ಹೌದೆನ್ನಿಸಿತು.

ಅತ್ತಿಗೆಯ ಹೆಸರು ನಾಗವೇಣಿ. ನನ್ನ ಅಣ್ಣ ಗಣಪತಿಯ ಹೆಂಡತಿ. ನಮ್ಮ ಮನೆ ಅಘನಾಶಿನಿಯಲ್ಲಿ. ಅಣ್ಣ ಹೊಳೆಯಾಚೆಯ ತದಡಿಯಿಂದ ಬೋಟಿಗೆ ಹೋಗುತ್ತಾನೆ. ಒಮ್ಮೆ ಹೋದರೆ ಎಷ್ಟೋ ದಿನ ನೀರಿನ ಮೇಲೆಯೇ. ಅವರ ಮಗಳು ಸುಧಾಳನ್ನು ಹೊನ್ನಾವರದ ಹತ್ತಿರ ಕರ್ಕಿಗೆ ಕೊಟ್ಟಿದೆ. ನಾನು ಮದುವೆಯಾಗಲಿಲ್ಲ. ಹಿರೇಗುತ್ತಿ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ, ಅಣ್ಣನ ಮನೆಯಲ್ಲೇ ಇದ್ದೇನೆ. ಹಾಗಾಗಿ ವರ್ಷದ ಬಹುಪಾಲು ಮನೆಯಲ್ಲಿ ಇರುವುದು ನಾವಿಬ್ಬರೇ, ಅತ್ತಿಗೆ ಮತ್ತು ನಾನು. ಈ ಕಾಯಿಲೆ ಬಂದದ್ದು ಅವಳ ಮೈಗೆ. ಆದರೆ ಅದರ ಜೊತೆ ದಿನವೂ ಎದ್ದು ಮಲಗಿದವರು ಇಬ್ಬರೂ.

ಮುಂದಿನ ಬೇಸಿಗೆಯ ಹೊತ್ತಿಗೆ ಅವಳ ಬೆರಳುಗಳು ಊದಿ ಬಿಗಿದವು. ಮದುವೆಯ ಉಂಗುರ ಹೊರಗೆ ಬರಲಿಲ್ಲ. ಸಾಬೂನು ಹಚ್ಚಿದೆವು, ಎಣ್ಣೆ ಹಚ್ಚಿದೆವು. ಕೊನೆಗೆ ಕುಮಟಾದ ಸೊನಗಾರನ ಹತ್ತಿರ ಕೊಯ್ಯಿಸಬೇಕಾಯಿತು. ಅವನು ಕೊಯ್ಯುವಾಗ ಅತ್ತಿಗೆ ಬೇರೆ ಕಡೆ ನೋಡುತ್ತ ಕುಳಿತಿದ್ದಳು.

ಆಮೇಲೆ ಒಣ ಕೆಮ್ಮು. ಆಮೇಲೆ ಏದುಸಿರು. ಬಸ್ಸಿಳಿದು ಮನೆಗೆ ಬರುವ ದಾರಿಯಲ್ಲಿ ತಲೆಯ ಮೇಲೆ ಖಾಲಿ ಬುಟ್ಟಿ ಇದ್ದರೂ ನಿಂತು ನಿಂತು ಬರುತ್ತಿದ್ದಳು. ಯಾರಾದರೂ ಎದುರು ಸಿಕ್ಕರೆ ಮಾತಿಗೆ ನಿಂತವಳ ಹಾಗೆ ನಿಲ್ಲುತ್ತಿದ್ದಳು. ಮಾತಾಡುವ ಆಸೆಯಿಂದಲ್ಲ, ಉಸಿರು ಸಾಲದೆ ನಿಲ್ಲುತ್ತಾಳೆಂದು ನನಗೆ ತಿಳಿಯಲು ಕೆಲವು ವಾರ ಬೇಕಾದವು.

ಒಬ್ಬ ಡಾಕ್ಟರು ಅಲರ್ಜಿ ಎಂದರು. ಇನ್ನೊಬ್ಬರು ಅಸ್ತಮಾ ಎಂದು ಇನ್‌ಹೇಲರ್ ಕೊಟ್ಟರು. ಕಫ ಪರೀಕ್ಷೆಯಲ್ಲಿ ಟಿಬಿ ಇಲ್ಲ ಎಂದು ಬಂದಾಗ ಮನೆಯಲ್ಲಿ ಎಲ್ಲರಿಗೂ ಜೀವ ಬಂದಂತಾಯಿತು. ಕೆಮ್ಮು ಮಾತ್ರ ಹೋಗಲಿಲ್ಲ. ಹೋಗಿದ್ದು ಅವಳ ಮೈಯ ತೂಕ.

ಹೊನ್ನಾವರದ ಒಬ್ಬ ವಯಸ್ಸಾದ ಡಾಕ್ಟರರ ಹತ್ತಿರ ನಮ್ಮನ್ನು ಕರೆದುಕೊಂಡು ಹೋದವಳು ಸುಧಾ. ಅವರು ಬೆನ್ನಿನ ಕೆಳಗೆ ಸ್ಟೆತಸ್ಕೋಪ್ ಇಟ್ಟು ತುಂಬ ಹೊತ್ತು ಕೇಳಿದರು. ಮತ್ತೆ ಮತ್ತೆ ದೀರ್ಘ ಉಸಿರು ಎಳೆಯಲು ಹೇಳಿದರು. ಆಮೇಲೆ ಎದುರು ಬಂದು ಕುಳಿತು ಅವಳ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, ಬೆರಳ ಮೇಲಿನ ಚರ್ಮವನ್ನು ಚಿವುಟಿ ಎತ್ತಲು ನೋಡಿದರು. ಚರ್ಮ ಏಳಲಿಲ್ಲ.

"ಥಂಡಿಗೆ ಈ ಬೆರಳು ಬೆಳ್ಳಗಾಗುತ್ತದೆಯೇ?"

ಅತ್ತಿಗೆ ನನ್ನ ಮುಖ ನೋಡಿದಳು. "ಹೌದು. ಅದು ಐಸಿಗೆ ಅಲ್ವಾ?"

"ಎಷ್ಟು ಕಾಲವಾಯಿತು?"

ಎರಡು ವರ್ಷವಾಗಿತ್ತು. ಬೆರಳಿಗೂ ಉಸಿರಿಗೂ ಸಂಬಂಧವಿರಬಹುದೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಅವರು ಚೀಟಿ ಬರೆದು, ಮಂಗಳೂರಿನ ದೊಡ್ಡ ಆಸ್ಪತ್ರೆಗೆ ತಡಮಾಡದೆ ಹೋಗಿ ಎಂದರು. ತಡಮಾಡದೆ ಎಂಬ ಮಾತನ್ನು ಎರಡು ಸಲ ಹೇಳಿದರು. ಅಂದಿನಿಂದ ನನ್ನ ನಿದ್ದೆ ಕೆಟ್ಟಿತು.

ಮಂಗಳೂರಿನಲ್ಲಿ ಸಿಟಿ ಸ್ಕ್ಯಾನ್, ರಕ್ತ ಪರೀಕ್ಷೆ, ಪಿಎಫ್‌ಟಿ ಎಂದು ಎರಡು ದಿನ ಹಿಡಿಯಿತು. ಪಿಎಫ್‌ಟಿ ಎಂದರೆ ಒಂದು ಕೊಳವೆಯೊಳಗೆ ಎದೆಯಲ್ಲಿರುವ ಉಸಿರನ್ನೆಲ್ಲ ಒಂದೇ ಸಲಕ್ಕೆ ಊದಿ ಖಾಲಿ ಮಾಡುವುದು. ಅತ್ತಿಗೆಯ ಬಾಯಿ ಸುತ್ತಲ ಚರ್ಮವೂ ಬಿಗಿದಿದ್ದರಿಂದ ಕೊಳವೆಯನ್ನು ತುಟಿಯಲ್ಲಿ ಸರಿಯಾಗಿ ಹಿಡಿಯಲು ಆಗುತ್ತಿರಲಿಲ್ಲ. ಟೆಕ್ನಿಷಿಯನ್ "ಊದಿ, ಊದಿ, ಊದಿ, ಇನ್ನೂ ಊದಿ" ಎಂದು ಕೂಗುವಾಗ ಗೋಡೆಯ ಈಚೆ ನಿಂತಿದ್ದ ನಾನೂ ಉಸಿರು ಬಿಡುತ್ತಿದ್ದೆ.

ಶ್ವಾಸಕೋಶದ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಕಪ್ಪಗಿರಬೇಕಾದ ಜಾಗದಲ್ಲಿ, ಎರಡೂ ಬದಿಯ ತಳದಲ್ಲಿ, ಬಿಳಿಯ ಬಲೆಯಂಥದ್ದು ಹರಡಿತ್ತು. ರೋಗದ ಹೆಸರು ಸ್ಕ್ಲೀರೋಡರ್ಮಾ ಎಂದರು. ಮೈಯ ರಕ್ಷಣೆಗೆಂದು ಇರುವ ಶಕ್ತಿಯೇ ಮೈಯ ಮೇಲೆ ತಿರುಗಿ ಬೀಳುವ ರೋಗ. ಕೈಯ ಚರ್ಮ ಹೇಗೆ ಗಟ್ಟಿಯಾಗಿದೆಯೋ ಹಾಗೆಯೇ ಶ್ವಾಸಕೋಶದ ಒಳಗೂ ಗಾಯ ಮಾಗಿದಂಥ ಕಲೆ ಕಟ್ಟಿ ಗಟ್ಟಿಯಾಗುತ್ತಿದೆ. ಅದನ್ನು ಐಎಲ್‌ಡಿ ಎನ್ನುತ್ತಾರೆ.

"ಗುಣ ಆಗೂಕೆ ಎಷ್ಟು ದಿನ ಬೇಕು?" ಎಂದು ಅತ್ತಿಗೆ ಕೇಳಿದಳು.

ಡಾಕ್ಟರು ಪರದೆಯನ್ನು ಪಕ್ಕಕ್ಕೆ ತಿರುಗಿಸಿ ಅವಳನ್ನೇ ನೋಡಿ ಹೇಳಿದರು. "ನಾಗವೇಣಿಯವರೇ, ಈಗಾಗಲೇ ಕಟ್ಟಿದ ಕಲೆ ಹೋಗುವುದಿಲ್ಲ. ಅದು ಇನ್ನೂ ಹರಡದ ಹಾಗೆ ತಡೆಯಲು ನೋಡುತ್ತೇವೆ."

ಕಲೆ ಹೋಗುವುದಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಬೈಂದೂರು ದಾಟಿದ ಮೇಲೆ ಅತ್ತಿಗೆ, "ಲಲಿತಾ, ಮಾರ್ಕೆಟ್ಟಿಗೆ ಹೋಗೂಕಾಗೂದಿಲ್ಲ ಅಲಾ ಇನ್ನು?" ಎಂದಳು. ಐಸು ಮುಟ್ಟಬಾರದೆಂದು ಡಾಕ್ಟರು ಹೇಳಿದ್ದನ್ನು ಅವಳು ರೋಗದ ಹೆಸರಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದಳು.

ಮನೆಯ ದಿನಚರಿ ಒಂದೊಂದಾಗಿ ಬದಲಾಯಿತು. ಕಟ್ಟಿಗೆಯ ಒಲೆ ಹಚ್ಚುವುದು ನಿಂತಿತು. ರಾತ್ರಿ ಹೊಟ್ಟೆಯ ಹುಳಿ ಗಂಟಲಿಗೆ ಬಂದು ಉಸಿರಿನ ಕೊಳವೆಗೆ ಇಳಿಯಬಾರದೆಂದು ಮಂಚದ ತಲೆಯ ಕಡೆ ಕಲ್ಲು ಕೊಟ್ಟು ಎತ್ತರಿಸಿದೆವು. ಕೈಗೆ ಉಲ್ಲನ್ ಗ್ಲೌಸ್. ಅಘನಾಶಿನಿಯ ಸೆಕೆಯಲ್ಲಿ ಉಲ್ಲನ್ ಗ್ಲೌಸ್ ಹಾಕಿಕೊಂಡು ಜಗಲಿಯಲ್ಲಿ ಕುಳಿತ ಹೆಂಗಸನ್ನು ನೋಡಿ ದಾರಿಹೋಕರು ನಗುತ್ತಿದ್ದರು. ಅತ್ತಿಗೆಯೂ ನಗುತ್ತಿದ್ದಳು. ಕೆಮ್ಮು ಬಂದು ನಗು ಅಲ್ಲಿಗೇ ನಿಲ್ಲುತ್ತಿತ್ತು.

ನನಗಂತೂ ಕಿವಿಯೇ ಕೆಲಸವಾಗಿಬಿಟ್ಟಿತು. ಪಾತ್ರೆ ತೊಳೆಯುವಾಗ, ಮಕ್ಕಳ ಉತ್ತರಪತ್ರಿಕೆ ತಿದ್ದುವಾಗ, ಬಾಗಿಲಾಚೆಯ ಅವಳ ಉಸಿರನ್ನು ಕೇಳುತ್ತಿದ್ದೆ. ಶಾಲೆಯಲ್ಲಿ ಪಾಠ ಮಾಡುವಾಗ ಫೋನು ಮೇಜಿನ ಮೇಲೇ ಇರುತ್ತಿತ್ತು. ಅದು ಅಲುಗಿದರೆ ವಾಕ್ಯ ಅರ್ಧಕ್ಕೇ ನಿಲ್ಲುತ್ತಿತ್ತು. ಹೆಚ್ಚಿನ ಸಲ ಅದು ಯಾವುದೋ ಕಂಪನಿಯ ಮೆಸೇಜು.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಒಂದನ್ನು ಸುಧಾ ತಂದುಕೊಟ್ಟಳು. ಒಂದು ಮುಂಜಾನೆ ಅತ್ತಿಗೆ ಎರಡು ಬಟ್ಟೆ ತೊಳೆದು ಬಂದು ಕುಳಿತಳು. ಸ್ವಲ್ಪ ದಣಿದ ಹಾಗೆ ಕಂಡಳು. ನಾನು ಮೀಟರ್ ಸಿಕ್ಕಿಸಿದೆ.

ಎಪ್ಪತ್ತೊಂದು.

ತೆಗೆದು ಇನ್ನೊಂದು ಬೆರಳಿಗೆ ಸಿಕ್ಕಿಸಿದೆ. ಅರವತ್ತೆಂಟು. ತೊಂಬತ್ತಕ್ಕಿಂತ ಇಳಿದರೆ ಆಸ್ಪತ್ರೆಗೆ ಬನ್ನಿ ಎಂದು ಹೇಳಿದ್ದರು. ಪಕ್ಕದ ಮನೆಯವರ ರಿಕ್ಷಾ ಕರೆಸಿ ಕುಮಟಾಕ್ಕೆ ಹೊರಟೆ. ದಾರಿಯುದ್ದಕ್ಕೂ ಅತ್ತಿಗೆ, "ನಂಗೆ ಎಂತದೂ ಆಗಲಿಲ್ಲ ಲಲಿತಾ, ಉಸಿರು ಇದ್ದಂಗೇ ಅದೆ," ಎನ್ನುತ್ತಿದ್ದಳು. ಅದು ಕೊನೆಯ ಹೊತ್ತಿನ ಸಮಾಧಾನವಿರಬೇಕೆಂದು ನಾನು ಇನ್ನಷ್ಟು ಹೆದರಿದೆ.

ಆಸ್ಪತ್ರೆಯ ನರ್ಸು ಅವಳ ಕೈ ಮುಟ್ಟಿ ನೋಡಿ, "ಇದು ಐಸಿನಂಗೆ ಅದೆಯಲ್ಲ," ಎಂದು ಕಿವಿಗೆ ಹಾಕುವ ಬೇರೆ ಕ್ಲಿಪ್ಪು ತಂದು ಹಾಕಿದಳು. ತೊಂಬತ್ತೈದು. ತಣ್ಣೀರಿಗೆ ಬೆರಳಿನ ರಕ್ತನಾಳ ಮುಚ್ಚಿಕೊಂಡಿತ್ತು. ಮೀಟರಿಗೆ ಓದಲು ರಕ್ತವೇ ಸಿಕ್ಕಿರಲಿಲ್ಲ. ಅಷ್ಟೇ. ನಾನು ಅಲ್ಲಿಯ ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ. ಅತ್ತಿಗೆ ಗ್ಲೌಸಿನ ಕೈಯಿಂದ ನನ್ನ ಬೆನ್ನು ಸವರಿದಳು. ಕಾಯಿಲೆಯವಳು ಯಾರು ಎಂದು ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ.

ಮಂಗಳೂರಿನ ಮೂರನೆಯ ಭೇಟಿಯಲ್ಲಿ ಡಾಕ್ಟರು ಒಂದು ಸ್ಟಡಿಯ ವಿಷಯ ತೆಗೆದರು. ಶ್ವಾಸಕೋಶದ ಕಲೆ ಹರಡುವುದನ್ನು ನಿಧಾನ ಮಾಡಬಹುದೇನೋ ಎಂದು ಒಂದು ಹೊಸ ಔಷಧಿಯನ್ನು ಹಲವು ದೇಶಗಳಲ್ಲಿ ಪರೀಕ್ಷೆ ಮಾಡುತ್ತಿದ್ದಾರೆ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು ಎಲ್ಲರಿಗೂ ಹಾಗೆಯೇ ಮುಂದುವರಿಯುತ್ತವೆ. ಅದರ ಮೇಲೆ ದಿನಕ್ಕೆ ಎರಡು ಹೊತ್ತು ಒಂದು ಗುಳಿಗೆ. ಕೆಲವರಿಗೆ ಅದು ಹೊಸ ಔಷಧಿ, ಉಳಿದವರಿಗೆ ನೋಡಲು ಅದೇ ಥರ ಇರುವ, ಒಳಗೆ ಔಷಧಿ ಇಲ್ಲದ ಗುಳಿಗೆ. ಯಾರಿಗೆ ಯಾವುದೆಂದು ಕಂಪ್ಯೂಟರು ತೀರ್ಮಾನಿಸುತ್ತದೆ. ರೋಗಿಗೆ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ.

"ನಿಮಗೂ ಹೇಳೂದಿಲ್ವಾ?" ಅತ್ತಿಗೆಗೆ ನಂಬಿಕೆ ಬರಲಿಲ್ಲ.

"ಇಲ್ಲ. ಗೊತ್ತಾದರೆ ನನ್ನ ಕಣ್ಣಿಗೆ ಬೇಕಾದ್ದೇ ಕಾಣಬಹುದು. ಅದಕ್ಕೇ ಹೇಳುವುದಿಲ್ಲ."

ಕನ್ನಡದಲ್ಲಿ ಅಚ್ಚು ಹಾಕಿದ ವಿವರಗಳನ್ನು ಮನೆಗೆ ಕೊಟ್ಟು ಕಳಿಸಿದರು. ಜಗಲಿಯಲ್ಲಿ ಕುಳಿತು ನಾನು ಅದನ್ನು ಗಟ್ಟಿಯಾಗಿ ಓದಿದೆ. ಭೇದಿಯಾಗಬಹುದು, ಹಸಿವು ಕಡಿಮೆಯಾಗಬಹುದು, ಲಿವರಿಗೆ ತೊಂದರೆಯಾಗಬಹುದು, ಈವರೆಗೆ ಗೊತ್ತಿಲ್ಲದ ತೊಂದರೆಯೂ ಆಗಬಹುದು. ಆ ಕೊನೆಯ ಮಾತನ್ನು ಓದುವಾಗ ನನ್ನ ದನಿ ಸಣ್ಣದಾಯಿತು. ಅದರಲ್ಲಿ 'ಔಷಧರಹಿತ ಗುಳಿಗೆ' ಎಂದು ಇದ್ದದ್ದನ್ನು ಅತ್ತಿಗೆ ಅಲ್ಲಿಯೇ 'ಸುಳ್ಳು ಗುಳಿಗೆ' ಎಂದು ಮಾಡಿಕೊಂಡಳು. ಮನೆಯಲ್ಲಿ ಅದೇ ಹೆಸರು ನಿಂತಿತು.

ಬೋಟಿನಿಂದ ಬಂದ ಅಣ್ಣ ಕೇಳಿ ಕೆಂಡವಾದ.

"ನಿನ್ನ ಮೈ ಎಂತ ಅವ್ರಿಗೆ ಕಲಿಯೂಕೆ ಇಟ್ಟದ್ದಾ? ಮದ್ದು ಕೊಡೂದಾದ್ರೆ ಖರೇ ಮದ್ದು ಕೊಡ್ಲಿ. ಸುಳ್ಳು ಕೊಟ್ಟು ನೋಡ್ತ್ರಂತೆ."

"ಖರೇ ಯಾವ್ದು ಅಂತ ಗೊತ್ತಿದ್ರೆ ಕೊಡ್ತಿದ್ರು," ಎಂದಳು ಅತ್ತಿಗೆ. "ಅವ್ರಿಗೂ ಗೊತ್ತಿಲ್ಲ ಅಂತೇ ಅಲ್ವಾ ಹೇಳ್ತಾ ಇಪ್ಪುದು."

"ಗೊತ್ತಿಲ್ದೆ ಇದ್ದದ್ದನ್ನ ನೀ ಎಂತಕೆ ತಿನ್ಬೇಕು?"

ಅವಳು ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. "ನೀವು ನೀರಿನ ಮೇಲೆ ಇರ್ತ್ರಿ. ಲಲಿತಾ ಶಾಲೇಲಿ ಇರ್ತದೆ. ನಾ ಇಲ್ಲಿ ಕೂತು ಉಸಿರು ಇವತ್ತು ಕಡ್ಮೆ ಆತಾ, ನಾಳೆ ಆಗ್ತದಾ ಅಂತ ನೋಡ್ತಾ ಇರೂದು. ಅದಕ್ಕೆ ಸೇರಿದ್ರೆ ಅವ್ರು ಮತ್ತೆ ಮತ್ತೆ ಕರೆದು ಊದಿಸಿ, ರಕ್ತ ತೆಗೆದು ನೋಡ್ತ್ರು. ಯಾರಾದ್ರೂ ನೋಡ್ತಾ ಇರ್ಲಿ. ನಂಗೆ ಅಷ್ಟು ಸಾಕು."

ಅಣ್ಣ ಎದ್ದು ಹೊಳೆಯ ಕಡೆಗೆ ಹೋದ. ಮರುದಿನ ಬೋಟು ಹತ್ತುವಾಗಲೂ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ನಾನು ಯಾರ ಪಕ್ಷವನ್ನೂ ವಹಿಸಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಎರಡೂ ಭಯ. ಸೇರಿದರೆ ಏನಾಗುತ್ತದೋ ಎಂದು ಒಂದು, ಸೇರದಿದ್ದರೆ ಏನಾಗುತ್ತದೋ ಎಂದು ಇನ್ನೊಂದು. ಅತ್ತಿಗೆ ಸಹಿ ಹಾಕಿದಳು. ಬಿಗಿದ ಬೆರಳಿನಲ್ಲಿ ಪೆನ್ನು ಹಿಡಿದು ನಿಧಾನವಾಗಿ, ಪೂರ್ತಿ ಹೆಸರು ಬರೆದಳು. ಬೇಡವೆನಿಸಿದ ದಿನ ಬಿಟ್ಟು ಹೋಗಬಹುದು, ಅದರಿಂದ ನಿಮ್ಮ ಉಳಿದ ಚಿಕಿತ್ಸೆ ನಿಲ್ಲುವುದಿಲ್ಲ ಎಂದು ಡಾಕ್ಟರು ಮತ್ತೊಮ್ಮೆ ಹೇಳಿದರು.

ಸ್ಟಡಿಯ ಕೆಲಸ ನೋಡಿಕೊಳ್ಳುವವರು ಸಿಸ್ಟರ್ ಜೆಸಿಂತಾ. ಮಂಗಳೂರಿನವರು. ಅತ್ತಿಗೆಯ ಗಟ್ಟಿ ಚರ್ಮದಲ್ಲಿ ರಕ್ತನಾಳ ಹುಡುಕುವುದು ಕಷ್ಟ. ಅವರು ಬಿಸಿನೀರಿನ ಚೀಲ ಕೈಯ ಮೇಲಿಟ್ಟು, ಊರಿನ ಸುದ್ದಿ ಕೇಳುತ್ತ ಕೇಳುತ್ತ ಸೂಜಿ ಹಾಕಿ ಮುಗಿಸುತ್ತಿದ್ದರು. "ನಿಮ್ಮ ಕಡೆ ಶೆಟ್ಲಿ, ಅದೇ ಸಿಗಡಿ, ಒಳ್ಳೇದು ಸಿಗ್ತದಂತೆ ಹೌದಾ?" ಎಂದು ಅವರು ಕೇಳಿದರೆ ಅತ್ತಿಗೆಯ ಮುಖ ಅರಳುತ್ತಿತ್ತು.

ಗುಳಿಗೆ ಶುರುವಾಯಿತು. ಅದರ ಜೊತೆಗೆ ಊಹೆಯೂ ಶುರುವಾಯಿತು.

ಭೇದಿಯಾಗಬಹುದು ಎಂದು ಓದಿದ್ದೆವಲ್ಲ. ಅತ್ತಿಗೆಗೆ ಭೇದಿಯಾಗಲಿಲ್ಲ. ಹೊಟ್ಟೆ ಸರಿಯಾಗಿ ಇರುವುದೇ ಚಿಂತೆಯಾಯಿತು. ಒಂದು ದಿನ ಮಧ್ಯಾಹ್ನ ಹೊಟ್ಟೆ ಕೆಟ್ಟಾಗ ಸುಧಾಳಿಗೆ ಫೋನು ಹಚ್ಚಿ ಖುಷಿಯಿಂದ ಹೇಳಿದಳು. ಮರುದಿನ ನನಗೂ ಹೊಟ್ಟೆ ಕೆಟ್ಟಿತು. ಹಿಂದಿನ ದಿನದ ಸಾರು ಹಳಸಿತ್ತು, ಅಷ್ಟೇ. ಒಂದು ವಾರ ಮೆಟ್ಟಿಲು ಹತ್ತುವಾಗ ಕಡಿಮೆ ದಣಿದರೆ ಅದು ಖರೇ ಗುಳಿಗೆ. ಮರುವಾರ ಕೆಮ್ಮು ಹೆಚ್ಚಾದರೆ ಸುಳ್ಳು ಗುಳಿಗೆ. ಗುಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. ನಾಲಗೆಯ ಮೇಲಿಟ್ಟು ರುಚಿ ನೋಡಿದಳು. "ಖರೇ ಮದ್ದು ಕಹಿ ಇರ್ಬೇಕಿತ್ತು," ಎಂದಳು. ಅಂದು ಸಂಜೆಯೆಲ್ಲ ಮಂಕಾಗಿದ್ದಳು.

ಮಳೆಗಾಲ ಬಂತು. ಬೋಟುಗಳು ದಡಕ್ಕೆ ಬಂದವು. ಅಣ್ಣ ಮನೆಯಲ್ಲಿಯೇ ಇದ್ದ. ಹೆಂಡತಿ ಸ್ನಾನದ ಮನೆಯಿಂದ ಜಗಲಿಗೆ ಬರುವಾಗ ಎರಡು ಕಡೆ ಗೋಡೆ ಹಿಡಿದು ನಿಲ್ಲುವುದನ್ನು ಅವನು ಆಗ ದಿನವೂ ನೋಡಿದ. ಮೊದಲಿನ ಸಿಟ್ಟು ಹೋಗಿ ಅವನ ಮುಖದಲ್ಲಿ ಬೇರೆಯದೇ ಏನೋ ಬಂತು. ನಾನು ಶಾಲೆಗೆ ಹೋದ ಮೇಲೆ ಅಡುಗೆ ಮಾಡಿಡುತ್ತಿದ್ದ. ಅವಳಿಗೆ ನುಂಗಲು ಸುಲಭವಾಗಲೆಂದು ಅನ್ನವನ್ನು ಗಂಜಿಯ ಹದಕ್ಕೆ ಕಲಸಿ ಕೊಡುತ್ತಿದ್ದ.

ಒಂದು ಗುರುವಾರ, ನಾನು ಶಾಲೆಯಲ್ಲಿದ್ದಾಗ ಸಿಸ್ಟರ್ ಜೆಸಿಂತಾ ಫೋನು ಮಾಡಿದರು. ಯಾವಾಗಲೂ ಮೊದಲು ಊಟವಾಯಿತಾ ಎಂದು ಕೇಳುವವರು ಅಂದು ಕೇಳಲಿಲ್ಲ.

"ಟೀಚರೇ, ನಾಗವೇಣಿಯಕ್ಕನ ಲಿವರಿನ ರಿಪೋರ್ಟ್ ಸರಿ ಇಲ್ಲ. ಸ್ಟಡಿ ಗುಳಿಗೆ ಇವತ್ತೇ ನಿಲ್ಲಿಸಿ. ನಾಳೆ ಬೆಳಿಗ್ಗೆ ಇಲ್ಲಿಗೆ ಬರ್ಬೇಕು."

ತರಗತಿಯ ಹೊರಗೆ ಮಳೆ ಜೋರಾಗಿತ್ತು. ಏನೂ ಕೇಳಿಸದವಳ ಹಾಗೆ ಎರಡು ಸಲ ಹೇಳಿಸಿಕೊಂಡೆ.

ಮನೆಗೆ ಬಂದು ಹೇಳಿದಾಗ ಅತ್ತಿಗೆ ನಕ್ಕಳು.

"ಹಂಗಾರೆ ಖರೇದೇ," ಎಂದಳು. "ಲಿವರಿಗೆ ತೊಂದ್ರೆ ಆಗೂದು ಅಂತ ನೀನೇ ಓದ್ಲಿಲ್ವಾ? ಸುಳ್ಳಿಗೆ ಹಂಗೆಲ್ಲ ಆಗ್ತದಾ?" ಅವಳ ಕಣ್ಣಿನಲ್ಲಿ ಅಷ್ಟು ಬೆಳಕನ್ನು ನಾನು ಬಹಳ ತಿಂಗಳಿಂದ ನೋಡಿರಲಿಲ್ಲ. ಲಿವರು ಕೆಟ್ಟಿದೆ ಎಂಬ ಸುದ್ದಿಗೆ ಹಿಗ್ಗುತ್ತಿರುವವಳನ್ನು ನೋಡಿ ನನಗೆ ಹೆದರಿಕೆಯಾಯಿತು.

ಅಣ್ಣ ನಗಲಿಲ್ಲ. ಅವನು ಒಳಗೆ ಹೋಗಿ, ಅಕ್ಕಿ ಡಬ್ಬಿಯ ಹಿಂದಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ನನ್ನ ಎದುರು ಇಟ್ಟ. ಒಳಗೆ ಕಂದು ಬಣ್ಣದ ಪುಡಿ.

"ಇದನ್ನೂ ಕೊಡ್ತಾ ಇದ್ದೆ," ಎಂದ.

ಬೋಟಿನಲ್ಲಿ ಜೊತೆಗಿರುವವನೊಬ್ಬ ತಂದುಕೊಟ್ಟದ್ದಂತೆ. ಅವನ ಊರಿನ ಕಡೆ ಯಾರೋ ಎದೆಯ ಕಾಯಿಲೆಗೆ ಬೇರು ಕುಟ್ಟಿ ಕೊಡುತ್ತಾರಂತೆ. ಜೇನಿನಲ್ಲಿ ಕಲಸಿ ಬೆಳಿಗ್ಗೆ ಸಂಜೆ. ಅದರಲ್ಲಿ ಏನೇನು ಇದೆಯೆಂದು ಅಣ್ಣನಿಗೂ ಗೊತ್ತಿರಲಿಲ್ಲ. ಬೇರೆ ಯಾವ ಮದ್ದು ತೆಗೆದುಕೊಂಡರೂ ಮೊದಲು ತಿಳಿಸಬೇಕು ಎಂದು ಆಸ್ಪತ್ರೆಯವರು ಪ್ರತಿ ಸಲ ಹೇಳುತ್ತಿದ್ದರು. ಅತ್ತಿಗೆ ಪ್ರತಿ ಸಲ ತಲೆಯಾಡಿಸುತ್ತಿದ್ದಳು.

"ಅವಳದ್ದು ಸುಳ್ಳು ಗುಳಿಗೆ ಆದ್ರೆ? ಬರೀ ಕೈಲಿ ಕೂತ್ಕಂಬೂದಾ?" ಅಣ್ಣ ನನ್ನ ಮುಖ ನೋಡದೆ ಹೇಳಿದ. "ಒಂದು ಖರೇದು ನಾನೂ ಕೊಡ್ವಾ ಅಂತ ಕಂಡ್ತು."

ನನಗೆ ಬಂದದ್ದು ಸಿಟ್ಟೋ ಅಳುವೋ ಗೊತ್ತಾಗಲಿಲ್ಲ. ಯಾರೂ ಊಟ ಮಾಡಲಿಲ್ಲ. ಹೇಳಿದರೆ ಸ್ಟಡಿಯಿಂದ ತೆಗೆದು ಹಾಕುತ್ತಾರೆ, ಡಬ್ಬಿ ಹೊಳೆಗೆ ಎಸೆದುಬಿಡುವ, ಇನ್ನು ಕೊಡುವುದಿಲ್ಲ, ಅಲ್ಲಿ ಬಾಯಿ ಬಿಡುವುದು ಬೇಡ ಎಂದು ಅಣ್ಣ ಹೇಳಿದ. ನನಗೂ ಒಳಗೊಳಗೆ ಅದೇ ಭಯ. ತೆಗೆದು ಹಾಕಿದರೆ ಆ ಸಿಸ್ಟರ್ ಇಲ್ಲ, ಆ ಡಾಕ್ಟರು ಮೊದಲಿನ ಹಾಗೆ ಫೋನಿಗೆ ಸಿಗುವುದಿಲ್ಲ. ಮತ್ತೆ ಜಗಲಿಯಲ್ಲಿ ಕುಳಿತು ಉಸಿರು ಕೇಳುವುದು ಮಾತ್ರ. ಅತ್ತಿಗೆ ಗೋಡೆಗೆ ಒರಗಿ ಕುಳಿತಿದ್ದಳು. ಅವಳ ಮುಖದ ಬೆಳಕು ಹೋಗಿತ್ತು.

ಮರುದಿನ ಮೂವರೂ ರೈಲು ಹತ್ತಿದೆವು. ಅಣ್ಣ ಆಸ್ಪತ್ರೆಯ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಡಾಕ್ಟರು ರಿಪೋರ್ಟು ಎದುರಿಟ್ಟುಕೊಂಡು, "ಈ ನಡುವೆ ಬೇರೆ ಏನಾದರೂ ಔಷಧಿ, ಕಷಾಯ, ಪುಡಿ?" ಎಂದು ಕೇಳಿದರು.

ಅಣ್ಣ ನೆಲ ನೋಡಿದ. ನಾನು ಅತ್ತಿಗೆಯನ್ನು ನೋಡಿದೆ.

ಅವಳು ಸೊಂಟದ ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಅದನ್ನು ಅವಳು ಯಾವಾಗ ತೆಗೆದಿಟ್ಟುಕೊಂಡಳೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

"ಇದು ತಿಂದೆ," ಎಂದಳು. "ಮಳೆ ಹಿಡ್ದಾಗಿಂದ. ಇವ್ರು ತಂದದ್ದು ನನ್ನ ಜೀವಕ್ಕೆ ಹೆದ್ರಿ. ತಿಂದದ್ದು ನಾನೇ. ಬೇಕಾದ್ರೆ ನನ್ನ ತೆಗೆದು ಹಾಕಿ. ಆದ್ರೆ ಲಿವರಿಗೆ ಎಂತ ಆತು ಅಂತ ಸರಿಯಾಗಿ ನೋಡಿ."

ಡಾಕ್ಟರು ಡಬ್ಬಿಯ ಮುಚ್ಚಳ ತೆರೆದು ನೋಡಿ ಮುಚ್ಚಿದರು. ಬಯ್ಯುತ್ತಾರೆಂದು ನಾನು ಕಾಯುತ್ತಿದ್ದೆ. ಅವರು ಅಣ್ಣನ ಕಡೆ ತಿರುಗಿದರು.

"ಗಣಪತಿಯವರೇ, ಹೇಳಿದ್ದು ಒಳ್ಳೆಯದಾಯಿತು. ಹೇಳದಿದ್ದರೆ ಇದೆಲ್ಲ ನಮ್ಮ ಗುಳಿಗೆಯಿಂದಲೇ ಆದದ್ದು ಎಂದು ನಾನು ಬರೆಯುತ್ತಿದ್ದೆ. ಅದು ಇವರಿಗೂ ತಪ್ಪು, ಈ ಔಷಧಿ ತಿನ್ನುತ್ತಿರುವ ಉಳಿದವರಿಗೂ ತಪ್ಪು."

"ಹಂಗಾರೆ ಅವಳದ್ದು ಖರೇ ಗುಳಿಗೆಯಾ?" ಅಣ್ಣ ಮೆಲ್ಲಗೆ ಕೇಳಿದ.

"ನನಗೆ ಗೊತ್ತಿಲ್ಲ. ತೊಂದರೆ ಪುಡಿಯಿಂದ ಆಗಿರಬಹುದು, ಗುಳಿಗೆಯಿಂದ ಆಗಿರಬಹುದು, ಮೊದಲಿನ ಮಾತ್ರೆಗಳಿಂದಲೂ ಆಗಿರಬಹುದು. ಈಗ ಮೊದಲು ಲಿವರು ಸರಿಯಾಗಲಿ."

ಸ್ಟಡಿಯಿಂದ ತೆಗೆಯುವುದೋ ಬಿಡುವುದೋ ಅವರು ಒಬ್ಬರೇ ಹೇಳುವ ಹಾಗಿರಲಿಲ್ಲ. ಸ್ಟಡಿ ನಡೆಸುವ ಮೇಲಿನವರಿಗೆ ಬರೆದು ಕೇಳಬೇಕು ಎಂದರು. ಮೊದಲಿನ ಮಾತ್ರೆಗಳಲ್ಲೂ ಒಂದನ್ನು ಸದ್ಯಕ್ಕೆ ನಿಲ್ಲಿಸಿದರು. ಅತ್ತಿಗೆಯನ್ನು ಆಸ್ಪತ್ರೆಯಲ್ಲಿಯೇ ಉಳಿಸಿಕೊಂಡರು.

ಆ ದಿನಗಳನ್ನು ಬರೆಯಲು ನನಗೆ ಈಗಲೂ ಕಷ್ಟ. ಅವಳ ಕಣ್ಣಿನ ಬಿಳಿ ಭಾಗ ಸ್ವಲ್ಪ ಹಳದಿಯಾಗಿತ್ತು. ಊಟ ಸೇರುತ್ತಿರಲಿಲ್ಲ. ರೋಗವನ್ನು ತಡೆಯುತ್ತಿದ್ದ ಮಾತ್ರೆ ನಿಂತಿದೆ, ಈ ದಿನಗಳಲ್ಲಿಯೇ ಕಲೆ ಹರಡಿದರೆ ಏನು ಮಾಡುವುದು ಎಂಬ ಯೋಚನೆ ನನ್ನ ತಲೆಯಿಂದ ಇಳಿಯಲಿಲ್ಲ. ಅಣ್ಣ ವಾರ್ಡಿನ ಹೊರಗೆ ನಿಂತೇ ಇರುತ್ತಿದ್ದ. ಒಳಗೆ ಬಾ ಎಂದರೆ ಬರುತ್ತಿರಲಿಲ್ಲ. ಮೂರನೆಯ ದಿನ ಅತ್ತಿಗೆಯೇ ಅವನನ್ನು ಕರೆಸಿ, "ಗಂಜಿ ಇಲ್ಲಿಯವ್ರು ಮಾಡೂದು ಸಪ್ಪೆ. ನೀವು ಮಾಡೂದೇ ಅಡ್ಡಿಲ್ಲ," ಎಂದಳು. ಅವನು ಮಂಚದ ಕಾಲ ಹತ್ತಿರ ಕುಳಿತು, ಪಾದ ಹಿಡಿದಂತೆ, ಗ್ಲೌಸ್ ಹಾಕಿದ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನಾನು ನೀರು ತರುವ ನೆಪದಲ್ಲಿ ಹೊರಗೆ ಬಂದೆ.

ರಿಪೋರ್ಟಿನ ಅಂಕಿ ಇಳಿಯತೊಡಗಿತು. ಮೊದಲು ಸ್ವಲ್ಪ, ಆಮೇಲೆ ಬೇಗ. ಮೊದಲಿನ ಮಾತ್ರೆ ಮತ್ತೆ ಶುರುವಾಯಿತು. ಲಿವರಿನ ಅಂಕಿ ಏರಲಿಲ್ಲ. ಮೇಲಿನಿಂದ ಉತ್ತರ ಬಂದಾಗ ಒಂದು ತಿಂಗಳು ಕಳೆದಿತ್ತು. ಮುಂದುವರಿಯಬಹುದು, ರಕ್ತ ಪರೀಕ್ಷೆ ಹೆಚ್ಚು ಸಲ ಮಾಡಬೇಕು. ಸ್ಟಡಿ ಗುಳಿಗೆಯೂ ಶುರುವಾಯಿತು. ಆಗಲೂ ಲಿವರಿನ ಅಂಕಿ ಏರಲಿಲ್ಲ. ಹಾಗಾದರೆ ಕೆಡಿಸಿದ್ದು ಪುಡಿಯೇ ಇರಬೇಕು. ಗುಳಿಗೆ ಖರೇದೋ ಸುಳ್ಳೋ ಎಂಬುದು ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತಿತು.

ಆದರೆ ಆಮೇಲೆ ಮನೆಯಲ್ಲಿ ಯಾರೂ ಊಹೆ ಮಾಡಲಿಲ್ಲ. ಅತ್ತಿಗೆ ಗುಳಿಗೆಯನ್ನು ಬೆಳಕಿಗೆ ಹಿಡಿಯುವುದನ್ನು ಬಿಟ್ಟಳು. ಬೆಳಿಗ್ಗೆ ಒಂದು, ಸಂಜೆ ಒಂದು, ನೀರಿನ ಜೊತೆ. ಮಳೆಗಾಲ ಕಳೆದು ಬೋಟುಗಳು ಮತ್ತೆ ಸಮುದ್ರಕ್ಕೆ ಹೊರಟ ಮೇಲೂ ಅಣ್ಣ ದೂರದ ಬೋಟಿಗೆ ಹೋಗಲಿಲ್ಲ. ಹೊಳೆಯಲ್ಲೇ ಸಣ್ಣ ದೋಣಿಯಲ್ಲಿ ಬಲೆ ಬಿಟ್ಟು ಊಟದ ಹೊತ್ತಿಗೆ ಮನೆಗೆ ಬರುತ್ತಿದ್ದ.

ಸ್ಟಡಿಯ ವರ್ಷ ಮುಗಿದದ್ದು ಕಳೆದ ತಿಂಗಳು. ಕೊನೆಯ ಪಿಎಫ್‌ಟಿಗೆ ಅತ್ತಿಗೆ ಮೂರು ಸಲ ಊದಿದಳು. ಡಾಕ್ಟರು ಹಳೆಯ ಅಂಕಿಯನ್ನೂ ಹೊಸ ಅಂಕಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು.

"ಉಸಿರಿನ ಅಂಕಿ ಹೆಚ್ಚಾಗಿಲ್ಲ," ಎಂದರು. "ಇಳಿದೂ ಇಲ್ಲ. ಈ ಕಾಯಿಲೆಯಲ್ಲಿ ಇಳಿಯದೆ ಇರುವುದು ಒಳ್ಳೆಯ ಸುದ್ದಿ."

ಇಳಿದಿಲ್ಲ.

ಬದುಕಿನಲ್ಲಿ ಅಷ್ಟು ಸಣ್ಣ ಮಾತಿಗೆ ನಾನು ಅಷ್ಟು ಹಗುರವಾದದ್ದು ನೆನಪಿಲ್ಲ. ಯಾವ ಗುಳಿಗೆಯೆಂದು ಈಗಲಾದರೂ ಹೇಳುತ್ತೀರಾ ಎಂದು ಕೇಳಿದೆ. ಎಲ್ಲ ದೇಶಗಳಲ್ಲಿ ಎಲ್ಲರದ್ದೂ ಮುಗಿದು ಲೆಕ್ಕ ಹಾಕುವವರೆಗೆ ಹೇಳಲಾಗದು ಎಂದರು. ಬೇಕಾದವರಿಗೆ ಇನ್ನು ಮುಂದೆ ಹೊಸ ಔಷಧಿಯನ್ನೇ ಕೊಡುತ್ತಾರೆ, ಅದರಲ್ಲಿ ಸುಳ್ಳು ಇರುವುದಿಲ್ಲ. ಆದರೆ ಅದು ನಿಜಕ್ಕೂ ಗುಣ ಕೊಡುತ್ತದೆಯೇ ಎಂಬುದು ಈಗಲೂ ಖಾತ್ರಿಯಿಲ್ಲ.

"ಇಷ್ಟು ದಿನ ತಿಂದದ್ದು ಸುಳ್ಳೇ ಆಗಿದ್ರೆ?" ಅತ್ತಿಗೆ ಕೇಳಿದಳು.

"ಆಗಿದ್ದರೆ, ಹೊಸ ಔಷಧಿ ಇಲ್ಲದೆ ನಿಮ್ಮಂಥವರು ಹೇಗಿರುತ್ತಾರೆಂದು ನಿಮ್ಮಿಂದ ತಿಳಿಯಿತು. ಅದು ತಿಳಿಯದೆ ಈ ಔಷಧಿಯ ಬೆಲೆ ಯಾರಿಗೂ ತಿಳಿಯುವುದಿಲ್ಲ."

ಅವಳು ಯೋಚಿಸಿ, "ಅಡ್ಡಿಲ್ಲ," ಎಂದಳು. ಮತ್ತೆ ಸಹಿ ಹಾಕಿದಳು. ಈ ಸಲ ಅಣ್ಣ ಪಕ್ಕದಲ್ಲಿ ನಿಂತು ಅವಳ ಚೀಲ ಹಿಡಿದುಕೊಂಡಿದ್ದ.

ಹೊರಗೆ ಬೆಂಚಿನ ಮೇಲೆ ಬುರ್ಖಾ ಹಾಕಿಕೊಂಡ ಒಬ್ಬ ಹೆಂಗಸು ಕುಳಿತಿದ್ದಳು. ನಡುವಯಸ್ಸು. ಕೈಯಲ್ಲಿ ದಪ್ಪ ಗ್ಲೌಸ್. ಅತ್ತಿಗೆ ಅದನ್ನು ನೋಡಿದ ಕೂಡಲೇ ಅವಳ ಪಕ್ಕದಲ್ಲಿ ಹೋಗಿ ಕುಳಿತಳು. ಭಟ್ಕಳದವಳು. ಹೆಸರು ಶಮೀಮಾ. ಬೇರೆ ಒಂದು ಹೊಸ ಔಷಧಿಯ ಸ್ಟಡಿಗೆ ಸೇರುತ್ತೀರಾ ಎಂದು ಕೇಳಿದ್ದಾರಂತೆ. ಗಂಡ ಫೋನಿನಲ್ಲಿ ಮಾತಾಡಲು ಹೊರಗೆ ಹೋಗಿದ್ದ. ಅತ್ತಿಗೆ ತನ್ನ ಒಂದು ವರ್ಷದ ಸ್ಟಡಿಯ ವಿಷಯ ಹೇಳಿದಳು.

"ಅಕ್ಕಾ, ನಿಮ್ಗೆ ಅಸಲಿ ಸಿಕ್ತಾ?"

"ಗೊತ್ತಿಲ್ಲ."

"ವರ್ಷ ತಿಂದೂ ಗೊತ್ತಿಲ್ವಾ?"

"ಇಲ್ಲ. ಉಸಿರು ಹೋದ ವರ್ಷದಷ್ಟೇ ಅದೆ. ಮೆಟ್ಟಿಲು ಹತ್ತೂಕೆ ಈಗ್ಲೂ ಕಷ್ಟವೇ."

"ಹೆದ್ರಿಕೆ ಆಗೂದಿಲ್ವಾ ನಿಮ್ಗೆ?"

"ಆಗ್ತದೆ. ಊದೂಕೆ ಕರೆದಾಗೆಲ್ಲ ಆಗ್ತದೆ," ಎಂದಳು ಅತ್ತಿಗೆ. "ಸೇರಿ ಅಂತ ನಾ ಹೇಳೂದಿಲ್ಲ. ಸೇರ್ಬೇಡಿ ಅಂತ್ಲೂ ಹೇಳೂದಿಲ್ಲ. ನಿಮ್ಗೆ ಗೊತ್ತಾಗದ್ದೆಲ್ಲ ಕೇಳಿ. ಎಷ್ಟು ಸಲ ಕೇಳಿದ್ರೂ ಹೇಳ್ತ್ರು."

ಸಿಸ್ಟರ್ ಜೆಸಿಂತಾ ಬಾಗಿಲಲ್ಲಿ ನಿಂತು ಶಮೀಮಾಳ ಹೆಸರು ಕರೆದರು. ಅವಳು ಏಳಲಿಲ್ಲ. ಗಂಡ ಹೋದ ಕಡೆ ನೋಡಿದಳು. ಆಮೇಲೆ ಅತ್ತಿಗೆಯನ್ನು ನೋಡಿ, "ನೀವು ಒಳಗೆ ಬರ್ತೀರಾ?" ಎಂದಳು.

ನಮ್ಮ ರೈಲಿಗೆ ಹೊತ್ತಾಗಿತ್ತು. ಅತ್ತಿಗೆ ಗೋಡೆ ಹಿಡಿದು ಎದ್ದಳು. ಸಿಸ್ಟರ್ ಇಬ್ಬರನ್ನೂ ನೋಡಿ ದಾರಿ ಬಿಟ್ಟರು. ಬಾಗಿಲು ಮುಚ್ಚಿತು. ಅಣ್ಣ ನನ್ನ ಮುಖ ನೋಡಿದ, ನಾನು ಗಡಿಯಾರ ನೋಡಿದೆ.

ರೈಲು ತಪ್ಪಿತು. ಬಸ್ಸಿನಲ್ಲಿ ಬಂದೆವು. ಅತ್ತಿಗೆ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು, ನಿದ್ದೆ ಹತ್ತಿದೆ ಎಂದುಕೊಂಡಿದ್ದೆ. ಬಸ್ಸು ಭಟ್ಕಳದ ಪೇಟೆ ದಾಟುವಾಗ ಕಣ್ಣು ತೆರೆದು, "ಅವಳಿಗೆ ಒಳ್ಳೇದೇ ಸಿಕ್ಲಿ," ಎಂದಳು.

ಮುರ್ಡೇಶ್ವರದ ಕಡೆ ತಿರುಗುವ ದಾರಿ ಹಿಂದೆ ಹೋಯಿತು. ಆಗ ಇನ್ನೊಮ್ಮೆ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ನಂಗೂ ಒಳ್ಳೇದೇ ಸಿಕ್ಕಿತ್ತು ಅಂತ ಇರ್ಲಿ," ಎಂದಳು.